ಎಟಿಸಿ ಕರೆದಾಗ ತಡವರಿಸದೆ ಉತ್ತರಿಸುವುದು ಹೇಗೆ: ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

“ಮಾವ, ವಿಮಾನ ಹಾರಿಸ್ಲಿಕ್ಕೆ ಬರ್ತದೆ. ಆದ್ರೆ ಎಟಿಸಿ ಕರೆದ ಕೂಡ್ಲೇ ಬಾಯಿ ಕಟ್ಟಿದ ಹಾಗೆ ಆಗ್ತದೆ.”

ಜೂನ್‌ನಲ್ಲಿ ರಜೆಗೆ ಉಡುಪಿಗೆ ಬಂದಿದ್ದ ಅಕ್ಕನ ಮಗ ಹೇಳಿದ ಮಾತು ಇದು. ಎಟಿಸಿ ಅಂದರೆ ನೆಲದಿಂದ ರೇಡಿಯೋದಲ್ಲಿ ವಿಮಾನಗಳಿಗೆ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲ್. ಅವನು ಹೊರಗಿನ ಊರೊಂದರಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ನೋಡದೆ ಮಾಪಕಗಳನ್ನು ನೋಡಿಯೇ ಹಾರುವ ತರಬೇತಿ ಮಾಡುತ್ತಿದ್ದಾನೆ. ನಾನೂ ಅದೇ ದಾರಿಯಲ್ಲಿ ಬಂದವನು. ಹಾಗಾಗಿ ಅವನ ಕಷ್ಟ ನನಗೆ ಚೆನ್ನಾಗಿ ಗೊತ್ತು. ಕಣ್ಣಿಗೆ ಹುಡ್, ಅಂದರೆ ಹೊರನೋಟ ಮುಚ್ಚುವ ಮರೆ ಹಾಕಿರುತ್ತಾರೆ. ಹೊರಗಿನದು ಏನೂ ಕಾಣುವುದಿಲ್ಲ. ಎತ್ತರ, ದಿಕ್ಕು, ವೇಗ ಎಲ್ಲವನ್ನೂ ಎದುರಿನ ಮಾಪಕಗಳಲ್ಲೇ ನೋಡಬೇಕು. ಅಷ್ಟರಲ್ಲಿ ಕಿವಿಯಲ್ಲಿ ಒಂದೇ ಉಸಿರಿಗೆ ಹೆಡಿಂಗ್ (ಹೋಗಬೇಕಾದ ದಿಕ್ಕಿನ ಡಿಗ್ರಿ), ಎತ್ತರ, ಫ್ರೀಕ್ವೆನ್ಸಿ ಬರುತ್ತದೆ.

ಆ ಮಳೆಗಾಲ ನಾವಿಬ್ಬರೂ ಕೂತು ಅಭ್ಯಾಸ ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇಗ ಉತ್ತರಿಸುವುದು ನಾಲಿಗೆಯ ಕೆಲಸ ಅಲ್ಲ. ಕರೆ ಬರುವ ಮೊದಲು ನೀವು ಎಷ್ಟು ಸಿದ್ಧವಾಗಿದ್ದೀರಿ ಅನ್ನುವುದರ ಮೇಲೆ ಅದು ನಿಂತಿದೆ. ಮತ್ತೆ, ಬೇಗ ಕೊಟ್ಟ ಉತ್ತರ ನಿಜವೂ ಆಗಿರಬೇಕು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು. ಯಾಕೆ ಅಂತ ಮುಂದೆ ಬರುತ್ತದೆ.

ಕೆಲವು ಸೆಕೆಂಡುಗಳ ಬೆಲೆ

ತರಬೇತಿ ವಿಮಾನ 90 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 90 ನಾಟಿಕಲ್ ಮೈಲು, ಹೋಗುತ್ತಿದೆ ಅಂದುಕೊಳ್ಳಿ. ಅಂದರೆ ನಿಮಿಷಕ್ಕೆ ಒಂದೂವರೆ ನಾಟಿಕಲ್ ಮೈಲು, ಸೆಕೆಂಡಿಗೆ ಸುಮಾರು 46 ಮೀಟರ್. ನಮ್ಮ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ದೊಡ್ಡ ರನ್‌ವೇ 2,450 ಮೀಟರ್ ಉದ್ದ. ಈ ವೇಗದಲ್ಲಿ ಅಷ್ಟು ದೂರ ದಾಟಲು ಒಂದು ನಿಮಿಷವೂ ಬೇಡ. ಲೋಕಲೈಸರ್ (ರನ್‌ವೇಯ ನೇರಕ್ಕೆ ತರುವ ರೇಡಿಯೋ ಸಂಕೇತ) ಹಿಡಿಯಲು ತಿರುಗಿ ಅಂತ ಕಂಟ್ರೋಲರ್ ಹೇಳಿದಾಗ ನೀವು 20 ಸೆಕೆಂಡ್ ತಡ ಮಾಡಿದರೆ ಅರ್ಧ ನಾಟಿಕಲ್ ಮೈಲು ಮುಂದೆ ಹೋಗಿರುತ್ತೀರಿ. ತಿರುಗುವಷ್ಟರಲ್ಲಿ ಅದನ್ನು ತೋರಿಸುವ ಸೂಜಿ ಮಧ್ಯೆ ಬಂದು ಆ ಕಡೆಗೂ ಹೋಗಿರುತ್ತದೆ. ಆಮೇಲೆ ಅದರ ಹಿಂದೆ ಓಡುವುದೇ ಕೆಲಸ.

ಇನ್ನೊಂದು ವಿಷಯ. ಅದೇ ಫ್ರೀಕ್ವೆನ್ಸಿಯಲ್ಲಿ ಬೇರೆ ವಿಮಾನಗಳೂ ಇರುತ್ತವೆ. ನೀವು ಉತ್ತರಿಸದಿದ್ದರೆ ಕಂಟ್ರೋಲರ್ ಅದೇ ಮಾತನ್ನು ಮತ್ತೆ ಹೇಳಬೇಕು. ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕು.

ಪೈಲಟ್‌ಗಳ ಇಂಗ್ಲಿಷ್‌ಗೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಆರು ಹಂತಗಳನ್ನು ಇಟ್ಟಿದೆ. ಕನಿಷ್ಠ ನಾಲ್ಕನೆಯ ಹಂತ ಬೇಕು. ಆ ಹಂತದ ವಿವರಣೆಯಲ್ಲಿ ಉತ್ತರ ಸಾಮಾನ್ಯವಾಗಿ ತಕ್ಷಣದ್ದಾಗಿರಬೇಕು, ಸಂದರ್ಭಕ್ಕೆ ಸರಿಯಾಗಿರಬೇಕು, ಬೇಕಾದ ಮಾಹಿತಿ ಕೊಡುವಂತಿರಬೇಕು ಅಂತ ಇದೆ. ಮೂರೂ ಒಟ್ಟಿಗೆ. ಮಾತಿನಲ್ಲಿ ತಾಯ್ನುಡಿಯ ಛಾಯೆ ಇದ್ದರೆ ತಪ್ಪೇನಿಲ್ಲ, ಅರ್ಥವಾಗಲು ಅದು ಆಗಾಗ ಅಡ್ಡ ಬರಬಾರದು ಅಷ್ಟೇ. ಹಾಗಾಗಿ ನಮ್ಮ ತುಳು, ಕೊಂಕಣಿ, ಬ್ಯಾರಿ, ಕನ್ನಡದ ಧಾಟಿಯ ಬಗ್ಗೆ ಮುಜುಗರ ಬೇಡ.

ಮೊದಲು ಪತ್ತೆ ಮಾಡಿ: ತಡವಾಗುತ್ತಿರುವುದು ಎಲ್ಲಿ?

“ನನಗೆ ರೇಡಿಯೋ ಬರುವುದಿಲ್ಲ” ಅಂತ ಒಟ್ಟಾರೆ ಹೇಳಿದರೆ ಪ್ರಯೋಜನ ಇಲ್ಲ. ತಡವಾಗುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ, ಮೂರಕ್ಕೂ ಮದ್ದು ಬೇರೆ.

ಒಂದು, ಕರೆದದ್ದು ನಿಮ್ಮನ್ನೇ ಅಂತ ಗೊತ್ತಾಗಲಿಲ್ಲ. ಕಾಲ್‌ಸೈನ್ (ರೇಡಿಯೋದಲ್ಲಿ ನಿಮ್ಮ ವಿಮಾನದ ಹೆಸರು) ಕಿವಿಗೆ ಬಿತ್ತು, ಮನಸ್ಸಿಗೆ ತಾಗಲಿಲ್ಲ. ಎರಡು, ಕೇಳಿಸಿತು, ಆದರೆ ನಾಲ್ಕು ಅಂಕಿ ಬಂದಾಗ ಮೊದಲ ಎರಡು ಜಾರಿಹೋದವು. ಮೂರು, ಎಲ್ಲ ನೆನಪಿದೆ, ಆದರೆ ಹೇಗೆ ಹೇಳಬೇಕು ಅಂತ ಪದ ಹುಡುಕುತ್ತಾ ಕೂತಿರಿ.

ಅಕ್ಕನ ಮಗನಿಗೆ ಇದ್ದದ್ದು ಎರಡನೆಯದು. ಅವನು ಮಾತ್ರ ಮೂರನೆಯದು ಅಂತ ತಿಳಿದು ದಿನಾ ಕನ್ನಡಿ ಮುಂದೆ ಇಂಗ್ಲಿಷ್ ಮಾತಾಡುತ್ತಿದ್ದ. ಎರಡು ವಾರ ಹೀಗೆ ಹೋಗಿತ್ತು. ಆದ್ದರಿಂದ ಮುಂದಿನ ಹೆಜ್ಜೆಗಳಲ್ಲಿ ನಿಮಗೆ ಬೇಕಾದದ್ದಕ್ಕೆ ಜಾಸ್ತಿ ಸಮಯ ಕೊಡಿ.

ಹೆಜ್ಜೆ 1: ನೆಲದ ಮೇಲೆಯೇ ಖಾಲಿ ಜಾಗ ಬಿಟ್ಟ ಕಾಗದ

ಹಾರುವ ಮುಂಚೆ ಅಪ್ರೋಚ್ ಚಾರ್ಟ್ (ಇಳಿಯುವ ದಾರಿಯ ನಕ್ಷೆ) ಮುಂದಿಟ್ಟುಕೊಂಡು ಯಾವ ಯಾವ ಕರೆ ಬರಬಹುದು ಅಂತ ಸಾಲಾಗಿ ಬರೆಯಿರಿ. ಕ್ಲಿಯರೆನ್ಸ್ (ಎಟಿಸಿಯ ಅನುಮತಿ), ಟ್ಯಾಕ್ಸಿ (ನೆಲದ ಮೇಲೆ ಸಾಗುವುದು), ಲೈನ್ ಅಪ್ (ರನ್‌ವೇಯಲ್ಲಿ ನೇರ ನಿಲ್ಲುವುದು), ಟೇಕಾಫ್, ಮೊದಲ ಹೆಡಿಂಗ್, ಏರುವ ಎತ್ತರ, ಫ್ರೀಕ್ವೆನ್ಸಿ ಬದಲಾವಣೆ, ಹೋಲ್ಡಿಂಗ್ (ಸುತ್ತುತ್ತಾ ಕಾಯುವುದು), ಅಪ್ರೋಚ್ ಕ್ಲಿಯರೆನ್ಸ್. ಒಂದು ತರಬೇತಿ ಹಾರಾಟದಲ್ಲಿ ಇದಕ್ಕಿಂತ ತೀರಾ ಹೊಸದು ಬರುವುದು ಕಡಿಮೆ.

ನೀಬೋರ್ಡ್ (ತೊಡೆಗೆ ಕಟ್ಟಿಕೊಳ್ಳುವ ಬರೆಯುವ ಹಲಗೆ) ಮೇಲಿನ ಕಾಗದದಲ್ಲಿ ಕ್ಲಿಯರೆನ್ಸ್‌ಗೆ ಜಾಗ ಬಿಡಿ: ಎಲ್ಲಿಯವರೆಗೆ, ಯಾವ ದಾರಿ, ಎಷ್ಟು ಎತ್ತರ, ಸ್ಕ್ವಾಕ್ (ರೇಡಾರ್‌ನಲ್ಲಿ ವಿಮಾನ ಗುರುತಿಸುವ ಕೋಡ್) ಎಷ್ಟು, ಮುಂದಿನ ಫ್ರೀಕ್ವೆನ್ಸಿ ಯಾವುದು. ಕರೆ ಬಂದಾಗ ನೀವು ವಾಕ್ಯ ಬರೆಯುವುದಿಲ್ಲ. ಖಾಲಿ ಜಾಗದಲ್ಲಿ ಅಂಕಿ ತುಂಬುತ್ತೀರಿ, ಅಷ್ಟೇ.

ಪ್ರತಿ ಅಂಕಿಗೂ ಒಂದು ಆಕಾರ ಇದೆ. ಅದನ್ನು ಗುರುತು ಮಾಡಿಕೊಂಡರೆ ಕಿವಿಗೆ ತುಂಬಾ ಸಹಾಯ. ಸ್ಕ್ವಾಕ್ ಕೋಡ್‌ನಲ್ಲಿ ನಾಲ್ಕು ಅಂಕಿ, ಪ್ರತಿಯೊಂದೂ 0ಯಿಂದ 7ರ ಒಳಗೆ. 8 ಅಥವಾ 9 ಕೇಳಿಸಿತು ಅಂದರೆ ತಪ್ಪಾಗಿ ಕೇಳಿಸಿದೆ ಅಂತಲೇ ಅರ್ಥ. ಹೆಡಿಂಗ್‌ಗೆ ಮೂರು ಅಂಕಿ, 360 ದಾಟುವುದಿಲ್ಲ. ಟವರ್, ಅಪ್ರೋಚ್‌ನ ಮಾತಿನ ಫ್ರೀಕ್ವೆನ್ಸಿಗಳು 118ರಿಂದ 136ರ ಸಾಲಿನಲ್ಲಿ ಬರುತ್ತವೆ. ಕ್ಯುಎನ್‌ಎಚ್ (ಎತ್ತರದ ಮಾಪಕದಲ್ಲಿ ಇಡಬೇಕಾದ ಗಾಳಿಯ ಒತ್ತಡ) ನಮ್ಮ ದೇಶದಲ್ಲಿ ಹೆಕ್ಟೋಪ್ಯಾಸ್ಕಲ್‌ನಲ್ಲಿ, ಸಾವಿರದ ಆಸುಪಾಸು.

ಇಲ್ಲೊಂದು ಅಪಾಯ ಇದೆ. ಅಂಕಿಯ ಆಕಾರವನ್ನು ನಿರೀಕ್ಷಿಸಿ, ಅಂಕಿಯನ್ನೇ ನಿರೀಕ್ಷಿಸಬೇಡಿ. “ನಿನ್ನೆ 3,000 ಅಡಿ ಕೊಟ್ಟಿದ್ದರು, ಇವತ್ತೂ ಅದೇ” ಅಂತ ಮನಸ್ಸು ಮಾಡಿ ಕೂತರೆ ಕಂಟ್ರೋಲರ್ 4,000 ಅಂದರೂ 3,000 ಅಂತಲೇ ಕೇಳಿಸುತ್ತದೆ. ಈ ತಪ್ಪನ್ನು ಹೊಸಬರಿಗಿಂತ ಸ್ವಲ್ಪ ಅಭ್ಯಾಸ ಆದವರೇ ಜಾಸ್ತಿ ಮಾಡುವುದನ್ನು ನೋಡಿದ್ದೇನೆ.

ಹೆಜ್ಜೆ 2: ವಿಮಾನ ತನ್ನ ಪಾಡಿಗೆ ನೆಟ್ಟಗೆ ಹೋಗುವಂತೆ ಮಾಡಿ

ಇದು ರೇಡಿಯೋ ಪಾಠ ಅಂತ ಯಾರೂ ಹೇಳಿಕೊಡುವುದಿಲ್ಲ. ನನ್ನ ಪ್ರಕಾರ ಅರ್ಧ ಪಾಠ ಇದೇ.

ಟ್ರಿಮ್, ಅಂದರೆ ಕೈ ಒತ್ತದೆಯೇ ವಿಮಾನ ನೆಟ್ಟಗೆ ಹೋಗುವಂತೆ ಮಾಡುವ ಹೊಂದಾಣಿಕೆ, ಸರಿ ಇಲ್ಲದ ವಿಮಾನವನ್ನು ಕೈಯಲ್ಲಿ ಒತ್ತಿ ಹಿಡಿದಿರಬೇಕು. ಒತ್ತಿ ಹಿಡಿದವನಿಗೆ ಕೇಳಿಸಿಕೊಳ್ಳಲು ತಲೆಯಲ್ಲಿ ಜಾಗ ಇರುವುದಿಲ್ಲ. ಕರೆ ಬಂದಾಗ ಎರಡರಲ್ಲಿ ಒಂದು ಕೆಡುತ್ತದೆ. ಒಂದೋ ಉತ್ತರ ತಡ, ಇಲ್ಲವೇ ಎತ್ತರ 200 ಅಡಿ ಆಚೀಚೆ. ಆದ್ದರಿಂದ ಪ್ರತಿ ಸಲ ಎತ್ತರ ಹಿಡಿದ ಮೇಲೆ, ಪ್ರತಿ ಸಲ ವೇಗ ಬದಲಿಸಿದ ಮೇಲೆ ಟ್ರಿಮ್ ಮುಗಿಸಿ. ಎರಡು ಬೆರಳಲ್ಲಿ ಹಿಡಿದರೆ ಸಾಕು ಅನ್ನುವ ಹಾಗೆ ಆಗಬೇಕು.

ಬರೆಯುವಾಗಲೂ ತಲೆ ತಗ್ಗಿಸಿ ಕೂರಬೇಡಿ. ಮೋಡದೊಳಗೆ ವಿಮಾನ ತಿರುಗುತ್ತಿರುವಾಗ ತಲೆಯನ್ನು ಥಟ್ಟನೆ ಬಗ್ಗಿಸಿದರೆ ಒಳಕಿವಿ ಮೋಸ ಮಾಡುತ್ತದೆ, ವಿಮಾನ ಉರುಳುತ್ತಿದೆ ಅನ್ನಿಸಬಹುದು. ಎರಡು ಅಂಕಿ ಬರೆಯಿರಿ, ಆಟಿಟ್ಯೂಡ್ ಇಂಡಿಕೇಟರ್ (ವಿಮಾನದ ವಾಲು ತೋರಿಸುವ ಮಾಪಕ) ನೋಡಿ. ಮತ್ತೆ ಎರಡು ಅಂಕಿ. ಮೊದಲು ವಿಮಾನ, ಆಮೇಲೆ ದಾರಿ, ಆಮೇಲೆ ಮಾತು ಅನ್ನುವ ಹಳೆಯ ನಿಯಮ ಇಲ್ಲಿಯೂ ನಡೆಯುತ್ತದೆ. ರೆಕ್ಕೆ ವಾಲಿದ್ದರೆ ಮೊದಲು ಅದನ್ನು ಸರಿ ಮಾಡಿ, ಆಮೇಲೆ ಮಾತಾಡುವ ಬಟನ್ ಒತ್ತಿ.

ಹೆಜ್ಜೆ 3: ಕೊನೆಯವರೆಗೆ ಕೇಳಿ

ತಾಳಮದ್ದಳೆ ಕೇಳಿದವರಿಗೆ ಇದು ಗೊತ್ತಿರುತ್ತದೆ. ಎದುರಿನವರ ಮಾತು ಮುಗಿಯುವ ಮೊದಲೇ ತನ್ನ ಉತ್ತರ ಕಟ್ಟುತ್ತಾ ಕೂತ ಅರ್ಥಧಾರಿಗೆ ಅವರ ಕೊನೆಯ ಮಾತು ತಪ್ಪಿಹೋಗುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ಮಾತಾಡಿದರೂ ಅದು ಆ ಪ್ರಶ್ನೆಗೆ ಉತ್ತರ ಅಲ್ಲ. ರೇಡಿಯೋದಲ್ಲೂ ಹಾಗೆಯೇ. ಹೆಡಿಂಗ್ ಕೇಳಿದ ಕೂಡಲೇ “ಹೇಗೆ ಹೇಳಲಿ” ಅಂತ ಯೋಚಿಸಿದರೆ ಅದರ ಹಿಂದೆ ಬಂದ ಎತ್ತರ ಹೋಯಿತು.

ಕಾಲ್‌ಸೈನ್ ಕಿವಿಗೆ ಬಿದ್ದ ಕೂಡಲೇ ಕೈ ಪೆನ್ನಿಗೆ ಅಥವಾ ಹೆಡಿಂಗ್ ಬಗ್‌ನ (ಹೋಗಬೇಕಾದ ದಿಕ್ಕಿಗೆ ತಿರುಗಿಸಿಡುವ ಗುರುತು) ನಾಬ್‌ಗೆ ಹೋಗಲಿ. ಇದನ್ನು ಒಂದು ಅಭ್ಯಾಸವಾಗಿ ಕಟ್ಟಿಕೊಳ್ಳಿ. ಕೈ ಚಲಿಸಿದರೆ ಮನಸ್ಸು ಎಚ್ಚರವಾಗುತ್ತದೆ. ಒಂದೇ ಥರ ಕೇಳಿಸುವ ಇನ್ನೊಂದು ಕಾಲ್‌ಸೈನ್ ಅದೇ ಫ್ರೀಕ್ವೆನ್ಸಿಯಲ್ಲಿ ಇದ್ದರೆ ಕಾಗದದ ಮೇಲ್ಗಡೆ ಅದನ್ನೂ ದೊಡ್ಡದಾಗಿ ಬರೆದಿಡಿ. ಬೇರೆಯವರಿಗೆ ಕೊಟ್ಟ ಹೆಡಿಂಗ್‌ಗೆ ನೀವು ಬೇಗ ಉತ್ತರಿಸಿದರೆ ತಡ ಮಾಡಿದ್ದಕ್ಕಿಂತ ಜಾಸ್ತಿ ಕೆಡುಕು.

ಇನ್‌ಸ್ಟ್ರಕ್ಟರ್ ಜೊತೆಗೂ ಒಂದು ಒಪ್ಪಂದ ಇರಲಿ. ಪಾಠ ಹೇಳುತ್ತಿರುವಾಗ ಎಟಿಸಿ ಮಾತಾಡಿದರೆ ಇಬ್ಬರೂ ಸುಮ್ಮನಾಗುವುದು, ನೀವು ಒಂದು ಬೆರಳು ಎತ್ತುವುದು. “ಸರ್, ಒಂದು ನಿಮಿಷ” ಅನ್ನಲಿಕ್ಕೂ ಸಂಕೋಚಪಡುವ ಹುಡುಗರು ನಮ್ಮ ಕಡೆ ಬಹಳ. ಹಾರುವ ಮೊದಲೇ ಮಾತಾಡಿಕೊಂಡರೆ ಆ ಸಂಕೋಚ ಇರುವುದಿಲ್ಲ.

ಹೆಜ್ಜೆ 4: ಮೊದಲು ತಿರುಗಿಸಿ, ಆಮೇಲೆ ಅದನ್ನೇ ನೋಡಿ ಓದಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಉಪಾಯ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಕಂಟ್ರೋಲರ್ ಹೆಡಿಂಗ್ ಹೇಳುತ್ತಿರುವಾಗಲೇ ಬಗ್ ತಿರುಗಿಸಿ. ಎತ್ತರ ಹೇಳಿದರೆ ಆಲ್ಟಿಟ್ಯೂಡ್ ಸೆಲೆಕ್ಟರ್‌ನಲ್ಲಿ ಇಡಿ, ಅದಿಲ್ಲದ ವಿಮಾನದಲ್ಲಿ ಕಾಗದದಲ್ಲಿ ಬರೆಯಿರಿ. ಫ್ರೀಕ್ವೆನ್ಸಿಯನ್ನು ರೇಡಿಯೋದ ಸ್ಟ್ಯಾಂಡ್‌ಬೈ ಕಿಟಕಿಯಲ್ಲಿ (ಮುಂದೆ ಬಳಸುವ ಫ್ರೀಕ್ವೆನ್ಸಿ ಇಡುವ ಜಾಗ) ಇಡಿ. ಆಮೇಲೆ ರೀಡ್‌ಬ್ಯಾಕ್ ಕೊಡಿ, ಅಂದರೆ ಕೇಳಿದ್ದನ್ನು ತಿರುಗಿ ಹೇಳಿ. ನೆನಪಿನಿಂದ ಅಲ್ಲ, ಇಟ್ಟ ಅಂಕಿಯನ್ನೇ ನೋಡಿ.

ಇದರಲ್ಲಿ ಎರಡು ಲಾಭ. ತಲೆಯಲ್ಲಿ ಹೊತ್ತುಕೊಂಡಿರಬೇಕಾದ ಭಾರ ಕಡಿಮೆ. ಮತ್ತೆ, ಕಂಟ್ರೋಲರ್ ಸರಿ ನೋಡುವುದು ನಿಮ್ಮ ನೆನಪನ್ನಲ್ಲ, ವಿಮಾನದಲ್ಲಿ ನಿಜವಾಗಿ ಇಟ್ಟಿರುವ ಅಂಕಿಯನ್ನು. ಬಾಯಲ್ಲಿ ಸರಿಯಾಗಿ ಹೇಳಿ ಬಗ್ ತಪ್ಪಾಗಿ ಇಟ್ಟವರನ್ನು ಯಾರೂ ತಿದ್ದಲು ಆಗುವುದಿಲ್ಲ.

ಏನನ್ನೆಲ್ಲ ತಿರುಗಿ ಹೇಳಲೇಬೇಕು? ದಾರಿಯ ಕ್ಲಿಯರೆನ್ಸ್. ರನ್‌ವೇಗೆ ಸಂಬಂಧಿಸಿದ ಎಲ್ಲವೂ: ಒಳಗೆ ಹೋಗುವುದು, ದಾಟುವುದು, ಹೊರಗೆ ನಿಲ್ಲುವುದು, ಬ್ಯಾಕ್‌ಟ್ರ್ಯಾಕ್ (ರನ್‌ವೇ ಮೇಲೆ ಎದುರು ದಿಕ್ಕಿಗೆ ಸಾಗುವುದು), ಟೇಕಾಫ್, ಲ್ಯಾಂಡಿಂಗ್. ಯಾವ ರನ್‌ವೇ ಬಳಕೆಯಲ್ಲಿದೆ ಅನ್ನುವುದು. ಕ್ಯುಎನ್‌ಎಚ್, ಸ್ಕ್ವಾಕ್, ಎತ್ತರ, ಹೆಡಿಂಗ್, ವೇಗ, ಟ್ರಾನ್ಸಿಷನ್ ಲೆವೆಲ್ (ಇಳಿಯುವಾಗ ಮಾಪಕವನ್ನು ಕ್ಯುಎನ್‌ಎಚ್‌ಗೆ ಬದಲಾಯಿಸುವ ಮಟ್ಟ). ಗಾಳಿಯ ವಿವರವನ್ನು ತಿರುಗಿ ಹೇಳಬೇಕಿಲ್ಲ, ಅದನ್ನು ಹೇಳುತ್ತಾ ಫ್ರೀಕ್ವೆನ್ಸಿ ಹಿಡಿದಿಡಬೇಡಿ.

ರೀಡ್‌ಬ್ಯಾಕ್ ಅಂದರೆ ಶಿಷ್ಟಾಚಾರ ಅಲ್ಲ. 1989ರ ಫೆಬ್ರವರಿ 19ರಂದು ಕೌಲಾಲಂಪುರದ ಸುಬಾಂಗ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ ಕಂಪನಿಯ 747 ಸರಕು ವಿಮಾನಕ್ಕೆ ಕಂಟ್ರೋಲರ್ “ಡಿಸೆಂಡ್ ಟು ಫೋರ್ ಝೀರೋ ಝೀರೋ” ಅಂದರು. ಅವರ ಮನಸ್ಸಿನಲ್ಲಿದ್ದದ್ದು 2,400 ಅಡಿ. ಪೈಲಟ್‌ಗಳಿಗೆ ಕೇಳಿಸಿದ್ದು 400 ಅಡಿಗೆ ಇಳಿಯಿರಿ ಅಂತ. ಕನ್ನಡದಲ್ಲಿ ಬರೆದರೆ ಗೊಂದಲ ಕಣ್ಣಿಗೇ ಕಾಣುತ್ತದೆ. ಎರಡು ಅನ್ನುವ ‘ಟು’, ಅಷ್ಟಕ್ಕೆ ಅನ್ನುವ ‘ಟು’, ಎರಡೂ ಒಂದೇ. “ಓಕೆ, ಫೋರ್ ಝೀರೋ ಝೀರೋ” ಅಂತ ಉತ್ತರ ಹೋಯಿತು. ತಡವಾಗಲಿಲ್ಲ. ಆದರೆ ಆ ಉತ್ತರದಲ್ಲಿದ್ದ ತಪ್ಪನ್ನು ಯಾರೂ ಹಿಡಿಯಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು, ಒಳಗಿದ್ದ ನಾಲ್ವರೂ ಹೋದರು.

ಈಗಿನ ನಿಯಮದ ಪ್ರಕಾರ ಎತ್ತರವನ್ನು “ಟು ಥೌಸಂಡ್ ಫೋರ್ ಹಂಡ್ರೆಡ್ ಫೀಟ್” ಅಂತ ಹೇಳಬೇಕು. ಆ ‘ಥೌಸಂಡ್’, ಆ ‘ಫೀಟ್’ ನುಂಗಬೇಡಿ. ನೀವು ಇಳಿಯಬೇಕಾದ ಎತ್ತರ ಚಾರ್ಟ್‌ನ ಕನಿಷ್ಠ ಎತ್ತರಕ್ಕಿಂತ ಕೆಳಗೆ ಕೇಳಿಸಿದರೆ ತಿರುಗಿ ಕೇಳಿ. ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ಬೈದರೂ ಕೇಳಿ.

ಹೆಜ್ಜೆ 5: ಪದಗಳು ಕಡಿಮೆ, ಗಟ್ಟಿ

ಮಂಗಳೂರಿನ ಸ್ಟೇಟ್‌ಬ್ಯಾಂಕ್‌ನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ “ರೈಟ್, ಪೋಯಿ” ಅಂದ ಕೂಡಲೇ ಡ್ರೈವರ್ ಹೊರಡುತ್ತಾರೆ. ತಿರುಗಿ ನೋಡುವುದಿಲ್ಲ, “ಏನಂದ್ರಿ” ಅನ್ನುವುದಿಲ್ಲ. ಆ ಎರಡು ಪದಕ್ಕೆ ಒಂದೇ ಅರ್ಥ. ಸುರತ್ಕಲ್‌ನಲ್ಲೂ ಅದೇ, ಕಾಪುವಿನಲ್ಲೂ ಅದೇ. ರೇಡಿಯೋದ ಪದಗಳೂ ಹಾಗೆ ಕಟ್ಟಿದವು.

‘ರೋಜರ್’ ಅಂದರೆ ನೀವು ಹೇಳಿದ್ದು ಪೂರ್ತಿ ಕೇಳಿಸಿತು, ಅಷ್ಟೇ. ಹೌದು ಅಂತಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ‘ವಿಲ್ಕೊ’ ಅಂದರೆ ಅರ್ಥವಾಯಿತು, ಹಾಗೇ ಮಾಡುತ್ತೇನೆ. ‘ಅಫರ್ಮ್’ ಹೌದು, ‘ನೆಗೆಟಿವ್’ ಅಲ್ಲ. ‘ಕರೆಕ್ಷನ್’ ಅಂದರೆ ಈಗ ಹೇಳಿದ್ದು ತಪ್ಪು, ಸರಿಯಾದದ್ದು ಮುಂದೆ ಬರುತ್ತದೆ. ತಪ್ಪಿದರೆ “ಸಾರಿ ಸಾರಿ” ಬೇಡ, ‘ಕರೆಕ್ಷನ್’ ಅಂದು ಮುಂದುವರಿಸಿ.

ಇದರ ಬಗ್ಗೆ ನನ್ನದೇ ಒಂದು ಘಟನೆ ಹೇಳುತ್ತೇನೆ. ತರಬೇತಿಯಲ್ಲಿ ಒಂದು ದಿನ ಹುಡ್ ಹಾಕಿ ಹಾರುತ್ತಿದ್ದೆ. ಹೆಡಿಂಗ್, ಎತ್ತರ ಎರಡೂ ಒಟ್ಟಿಗೆ ಬಂತು. ನಾನು ಚುರುಕಾಗಿ “ರೋಜರ್” ಅಂದೆ. ಇನ್‌ಸ್ಟ್ರಕ್ಟರ್ ನಿಧಾನವಾಗಿ ಕೇಳಿದರು, “ಬೇಗ ಹೇಳಿದೆ, ಒಳ್ಳೆಯದು. ಈಗ ಎಷ್ಟಕ್ಕೆ ತಿರುಗುತ್ತೀ?” ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಕಂಟ್ರೋಲರ್ ರೀಡ್‌ಬ್ಯಾಕ್ ಕೊಡಿ ಅಂದರು. ಆವತ್ತು ನನ್ನ ವಿಮಾನ ಹತ್ತು ಹದಿನೈದು ಸೆಕೆಂಡು ಯಾರ ಮಾತನ್ನೂ ಪಾಲಿಸದೆ ನೇರ ಹೋಗುತ್ತಿತ್ತು. ಅದು ಇನ್ನೂ ನನ್ನ ಮನಸ್ಸಿನಲ್ಲಿದೆ.

ವೇಗದ ಬಗ್ಗೆ ಒಂದು ಅಳತೆ ಇದೆ. ನಿಮಿಷಕ್ಕೆ 100 ಪದ ಮೀರಬಾರದು ಅನ್ನುತ್ತದೆ ಐಕಾವೊ. ಬೇಗ ಶುರು ಮಾಡಿ, ಆದರೆ ನಿಧಾನವಾಗಿ ಹೇಳಿ. ಬಟನ್ ಪೂರ್ತಿ ಒತ್ತಿ ಒಂದು ಕ್ಷಣ ಬಿಟ್ಟು ಮಾತು ತೆಗೆಯಿರಿ, ಇಲ್ಲದಿದ್ದರೆ ಮೊದಲ ಪದ ತುಂಡಾಗುತ್ತದೆ. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ. 5ಕ್ಕೆ ‘ಫೈಫ್’, 9ಕ್ಕೆ ‘ನೈನರ್’ ಅಂತ ಇಟ್ಟಿರುವುದು ಗಲಾಟೆಯಲ್ಲಿ ‘ಫೈವ್’, ‘ನೈನ್’ ಒಂದೇ ಥರ ಕೇಳಿಸುತ್ತದೆ ಅಂತ. ನಮ್ಮ ಬಾಯಲ್ಲಿ ‘ಫಿಫ್ಟೀನ್’, ‘ಫಿಫ್ಟಿ’ ಹತ್ತಿರ ಹತ್ತಿರ ಬರುತ್ತದೆ ಅಲ್ವಾ? ‘ವನ್ ಫೈಫ್’, ‘ಫೈಫ್ ಝೀರೋ’ ಅಂದರೆ ಆ ಸಮಸ್ಯೆಯೇ ಇಲ್ಲ.

ಹೆಜ್ಜೆ 6: ಗೊತ್ತಾಗದಿದ್ದರೆ, ಆಗದಿದ್ದರೆ

ತಡ ಆಗುವುದೇ ತಪ್ಪು ಅಂತ ತಿಳಿದವರು ಏನೋ ಒಂದು ಹೇಳಿಬಿಡುತ್ತಾರೆ. ಅದರ ಬದಲು ಹೇಳಬಹುದಾದ ಮೂರು ಮಾತುಗಳಿವೆ. ಮೂರೂ ಪೂರ್ಣ ಉತ್ತರಗಳೇ.

‘ಸ್ಟ್ಯಾಂಡ್‌ಬೈ’: ಕೈಯಲ್ಲಿ ಕೆಲಸ ಇದೆ, ಸ್ವಲ್ಪ ತಾಳಿ. ವಿಮಾನ ಸರಿ ಇಲ್ಲದ ಕ್ಷಣದಲ್ಲಿ ಇದನ್ನು ಹೇಳಲು ಒಂದು ಸೆಕೆಂಡು ಸಾಕು. ‘ಸೇ ಅಗೇನ್’: ಇನ್ನೊಮ್ಮೆ ಹೇಳಿ. ಪೂರ್ತಿ ಬೇಡದಿದ್ದರೆ “ಸೇ ಅಗೇನ್ ಹೆಡಿಂಗ್” ಅನ್ನಿ, ಎಲ್ಲರ ಸಮಯ ಉಳಿಯುತ್ತದೆ. ‘ಅನೇಬಲ್’: ಆಗುವುದಿಲ್ಲ. ಅಷ್ಟು ಬೇಗ ಇಳಿಯಲು ಆಗದಿದ್ದರೆ, ಆ ಹೆಡಿಂಗ್ ದಪ್ಪ ಮೋಡದೊಳಗೆ ಕರೆದೊಯ್ಯುತ್ತಿದ್ದರೆ, ಕಾರಣ ಒಂದೆರಡು ಪದದಲ್ಲಿ ಸೇರಿಸಿ ‘ಅನೇಬಲ್’ ಅನ್ನಿ. ದೊಡ್ಡವರಿಗೆ ಇಲ್ಲ ಅನ್ನಬಾರದು ಅಂತ ಬೆಳೆದ ನಮಗೆ ಈ ಪದ ಗಂಟಲಲ್ಲೇ ನಿಲ್ಲುತ್ತದೆ. ಅದಕ್ಕೇ ಮನೆಯಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಬೇಕು.

ಮಂಗಳೂರಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜ್ಪೆಯ ರನ್‌ವೇ 24ರಲ್ಲಿ ಇಳಿಯಿತು. ನಿಲ್ಲಲಿಲ್ಲ, ರನ್‌ವೇ ದಾಟಿ ಕಣಿವೆಗೆ ಹೋಯಿತು. 166 ಜನರಲ್ಲಿ 158 ಜನ ಹೋದರು, 8 ಜನ ಉಳಿದರು. ಇಳಿಯುವಾಗ ವಿಮಾನ ಇರಬೇಕಾದದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಎಸ್ಟಾಬ್ಲಿಷ್ ಆಗಿದ್ದೀರಾ, ಅಂದರೆ ಇಳಿಯುವ ದಾರಿಯನ್ನು ಸರಿಯಾಗಿ ಹಿಡಿದಿದ್ದೀರಾ ಅಂತ ಟವರ್‌ನಿಂದ ಪ್ರಶ್ನೆ ಬಂತು. ಕ್ಯಾಪ್ಟನ್ ಒತ್ತಾಯಿಸಿ ಸಹಪೈಲಟ್‌ನಿಂದ ‘ಅಫರ್ಮೇಟಿವ್’ ಅಂತ ಹೇಳಿಸಿದರು ಅಂತ ತನಿಖೆಯ ವರದಿಯಲ್ಲಿದೆ. ಲ್ಯಾಂಡಿಂಗ್ ಕ್ಲಿಯರೆನ್ಸ್ ಸಿಕ್ಕಿತು. ಗೋ ಅರೌಂಡ್ ಮಾಡೋಣ (ಇಳಿಯದೆ ಮತ್ತೆ ಮೇಲೇರೋಣ) ಅಂತ ಸಹಪೈಲಟ್ ಮೂರು ಸಲ ಹೇಳಿದ್ದರು.

ಆ ದುರಂತಕ್ಕೆ ರೇಡಿಯೋದ ಒಂದು ಪದವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅಸ್ಥಿರ ಅಪ್ರೋಚ್ ಅನ್ನು ಬಿಡದೇ ಹೋದದ್ದು ಮುಖ್ಯ ಕಾರಣ. ಆದರೆ ಆ ಪ್ರಶ್ನೆ ಒಂದು ಬಾಗಿಲಾಗಿತ್ತು. “ನೆಗೆಟಿವ್, ಗೋಯಿಂಗ್ ಅರೌಂಡ್” ಅನ್ನಲು ‘ಅಫರ್ಮೇಟಿವ್’ಗಿಂತ ಒಂದು ಸೆಕೆಂಡು ಮಾತ್ರ ಜಾಸ್ತಿ ಬೇಕಿತ್ತು. ಕೂಳೂರಿನ ಹತ್ತಿರ ಇರುವ ಸ್ಮಾರಕದ ಮುಂದೆ ಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಕಂಟ್ರೋಲರ್ ಪ್ರಶ್ನೆ ಕೇಳಿದಾಗ ಮಾಪಕ ನೋಡಿ ಉತ್ತರಿಸಿ. ‘ಎಸ್ಟಾಬ್ಲಿಷ್ಡ್’ ಅನ್ನುವ ಮೊದಲು ಸೂಜಿ ಎಲ್ಲಿದೆ ಅಂತ ಕಣ್ಣು ಹೋಗಬೇಕು.

ಹೆಜ್ಜೆ 7: ಆ ಕಡೆಯಿಂದ ಸದ್ದೇ ಇಲ್ಲದಿದ್ದರೆ

ಬಹಳ ಹೊತ್ತು ಯಾರ ಮಾತೂ ಕೇಳಿಸದಿದ್ದರೆ ಸುಮ್ನೆ ಕೂರಬೇಡಿ. ವಾಲ್ಯೂಮ್ ನೋಡಿ, ಹೆಡ್‌ಸೆಟ್‌ನ ಪ್ಲಗ್ ಒತ್ತಿ, ನಿಮ್ಮ ಬಟನ್ ಒತ್ತಿದಲ್ಲೇ ಸಿಕ್ಕಿಕೊಂಡಿದೆಯಾ ನೋಡಿ. ಅದು ಸಿಕ್ಕಿಕೊಂಡಿದ್ದರೆ ನಿಮ್ಮಿಂದಾಗಿ ಯಾರಿಗೂ ಮಾತಾಡಲು ಆಗುತ್ತಿರುವುದಿಲ್ಲ. ಆಮೇಲೆ ಹಿಂದಿನ ಫ್ರೀಕ್ವೆನ್ಸಿಗೆ ಹೋಗಿ ಕೇಳಿ. ಅಲ್ಲೂ ಇಲ್ಲದಿದ್ದರೆ ತುರ್ತು ಫ್ರೀಕ್ವೆನ್ಸಿ 121.5. ಏನೂ ಆಗದಿದ್ದರೆ ಸ್ಕ್ವಾಕ್ 7600, ಅಂದರೆ ರೇಡಿಯೋ ಕೆಟ್ಟಿದೆ ಅನ್ನುವ ಕೋಡ್. ಮುಂದೆ ಯಾವ ಎತ್ತರ, ಯಾವ ದಾರಿ ಅನ್ನುವುದನ್ನು ಹಾರುವ ಮುಂಚೆಯೇ ಇನ್‌ಸ್ಟ್ರಕ್ಟರ್ ಜೊತೆ ಮಾತಾಡಿಟ್ಟಿರಿ.

ಹೆಜ್ಜೆ 8: ಮನೆಯಲ್ಲಿ, ಬಸ್ಸಿನಲ್ಲಿ

ಬಸ್ಸಿನ ಕಿಟಕಿ ಪಕ್ಕ ಕೂತು ಎದುರು ಬರುವ ಗಾಡಿಗಳ ನಂಬರ್ ಪ್ಲೇಟ್ ಓದಿ. ಮಂಗಳೂರಿನ ಗಾಡಿಯಾದರೆ ‘ಕಿಲೋ ಆಲ್ಫಾ ವನ್ ನೈನರ್’, ಉಡುಪಿಯದಾದರೆ ‘ಕಿಲೋ ಆಲ್ಫಾ ಟು ಝೀರೋ’. ಉಳಿದ ಅಕ್ಷರ, ಅಂಕಿಗಳನ್ನೂ ಗಾಡಿ ದಾಟಿಹೋದ ಮೇಲೆ ನೆನಪಿನಿಂದ ಹೇಳಿ. ಸ್ಟೇಟ್‌ಬ್ಯಾಂಕ್‌ನಿಂದ ಉಡುಪಿಗೆ ತಲುಪುವಷ್ಟರಲ್ಲಿ ನೂರಾರು ಸಿಗುತ್ತವೆ. ಕನ್ನಡದಲ್ಲಿ ‘ಹತ್ತೊಂಬತ್ತು’ ಅಂತ ಯೋಚಿಸಿ ಇಂಗ್ಲಿಷ್‌ಗೆ ತಿರುಗಿಸುವ ಅಭ್ಯಾಸ ಹೋಗುವುದು ಹೀಗೆಯೇ. ಕಣ್ಣಿಗೆ ಕಂಡದ್ದು ನೇರ ‘ವನ್ ನೈನರ್’ ಆಗಬೇಕು.

ಎರಡನೆಯದನ್ನು ನಮ್ಮ ಮನೆಯಲ್ಲೇ ಕಂಡುಕೊಂಡದ್ದು. ಜೂನ್‌ನಲ್ಲಿ ಹಲಸಿನ ಹಣ್ಣು ಮುಗಿಯದಷ್ಟು ಇರುತ್ತದೆ. ಅಕ್ಕನ ಮಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ತೊಳೆ ಬಿಡಿಸುತ್ತಾ ಕೂತಿದ್ದ. ಅಕ್ಕ ಪಕ್ಕದಲ್ಲಿ ಕೂತು ನಾನು ಬರೆದುಕೊಟ್ಟ ಚೀಟಿಗಳನ್ನು ಒಂದೊಂದಾಗಿ ಓದುತ್ತಿದ್ದಳು. ಯಾವಾಗ ಓದುತ್ತಾಳೆ ಅಂತ ಮೊದಲೇ ಹೇಳುತ್ತಿರಲಿಲ್ಲ. ಅವನ ಕೈಯೆಲ್ಲ ಮೇಣ, ಬರೆಯಲು ಆಗುವುದಿಲ್ಲ. ಕೆಲಸ ನಿಲ್ಲಿಸದೆ ಕೇಳಬೇಕು, ತಿರುಗಿ ಹೇಳಬೇಕು. ಮೊದಲ ದಿನ ಎರಡು ಅಂಕಿಯ ಗುಂಪು ಬಂದರೆ ಕೈ ನಿಲ್ಲುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಮೂರು ಗುಂಪು ಬಂದರೂ ಕೈ ನಡೆಯುತ್ತಿತ್ತು. ಬಟ್ಟೆ ಮಡಚುತ್ತಾ, ಪಾತ್ರೆ ತೊಳೆಯುತ್ತಾ ಇದನ್ನೇ ಮಾಡಬಹುದು. ಕತ್ತಿ, ಒಲೆ ಇರುವ ಕೆಲಸ ಬೇಡ.

ಮೂರನೆಯದು ಕಂಪ್ಯೂಟರ್ ಸಿಮ್ಯುಲೇಟರ್. ಬಜ್ಪೆಯನ್ನೇ ತೆಗೆದುಕೊಳ್ಳಿ. ಗುಡ್ಡದ ತಲೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿರುವ ನಿಲ್ದಾಣ. ರನ್‌ವೇ 24ಕ್ಕೆ ಘಟ್ಟದ ಕಡೆಯಿಂದ ಸಮುದ್ರದ ಕಡೆಗೆ ಮುಖ ಮಾಡಿ ಬರುತ್ತೀರಿ. ನಿಮ್ಮ ಹೆಡಿಂಗ್ 330, ದಕ್ಷಿಣದಿಂದ ಲೋಕಲೈಸರ್ ಕಡೆ ಹೋಗುತ್ತಿದ್ದೀರಿ. ಪಕ್ಕದಲ್ಲಿ ಕೂತವರು ಹೀಗೆ ಓದಲಿ (ಐಎಲ್‌ಎಸ್ ಅಂದರೆ ಲೋಕಲೈಸರ್ ಸೇರಿದ, ಇಳಿಯಲು ದಾರಿ ತೋರಿಸುವ ರೇಡಿಯೋ ವ್ಯವಸ್ಥೆ):

“ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೋ ಚಾರ್ಲಿ, ಟರ್ನ್ ಲೆಫ್ಟ್ ಹೆಡಿಂಗ್ ಟು ಸೆವೆನ್ ಝೀರೋ, ಮೇಂಟೇನ್ ತ್ರೀ ಥೌಸಂಡ್ ಫೀಟ್, ಕ್ಲಿಯರ್ಡ್ ಐಎಲ್‌ಎಸ್ ಅಪ್ರೋಚ್ ರನ್‌ವೇ ಟು ಫೋರ್, ರಿಪೋರ್ಟ್ ಎಸ್ಟಾಬ್ಲಿಷ್ಡ್.”

ಕಾಲ್‌ಸೈನ್ ಕೇಳಿದಾಗ ಕೈ ಬಗ್‌ನ ಮೇಲೆ. ‘ಟು ಸೆವೆನ್ ಝೀರೋ’ ಅನ್ನುವಾಗ ಬಗ್ 270ಕ್ಕೆ. ಮಾತು ಮುಗಿದ ಕೂಡಲೇ ಎಡಕ್ಕೆ ವಾಲಿಸಿ. ಸೆಕೆಂಡಿಗೆ 3 ಡಿಗ್ರಿಯ ಸ್ಟ್ಯಾಂಡರ್ಡ್ ತಿರುವಿನಲ್ಲಿ ಈ 60 ಡಿಗ್ರಿಗೆ 20 ಸೆಕೆಂಡು ಬೇಕು, ಅದರೊಳಗೇ ನಿಮ್ಮ ಮಾತೂ ಮುಗಿಯುತ್ತದೆ. ವಾಲು ಸ್ಥಿರವಾದ ಮೇಲೆ ಬಟನ್ ಒತ್ತಿ:

“ಲೆಫ್ಟ್ ಹೆಡಿಂಗ್ ಟು ಸೆವೆನ್ ಝೀರೋ, ಮೇಂಟೇನ್ ತ್ರೀ ಥೌಸಂಡ್ ಫೀಟ್, ಕ್ಲಿಯರ್ಡ್ ಐಎಲ್‌ಎಸ್ ಅಪ್ರೋಚ್ ರನ್‌ವೇ ಟು ಫೋರ್, ವಿಲ್ಕೊ, ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೋ ಚಾರ್ಲಿ.”

ಕೇಳಿದ ಕ್ರಮದಲ್ಲೇ ಹೇಳಿದ್ದೀರಿ, ಕಾಲ್‌ಸೈನ್ ಕೊನೆಯಲ್ಲಿ. ಇಲ್ಲಿಯ ಕಾಲ್‌ಸೈನ್, ಅಂಕಿಗಳು ಅಭ್ಯಾಸಕ್ಕೆ ಮಾತ್ರ. ನಿಜದ ಹಾರಾಟಕ್ಕೆ ಆ ದಿನ ಜಾರಿಯಲ್ಲಿರುವ ಚಾರ್ಟ್ ಬೇಕು. ಇದು ಸಲೀಸಾದ ಮೇಲೆ ಓದುವವರು ಬೇಕಂತಲೇ ತಪ್ಪು ಸೇರಿಸಲಿ. ಸ್ಕ್ವಾಕ್‌ನಲ್ಲಿ ಒಂದು 9, ರನ್‌ವೇ 24ರ ಬದಲು 06, ಬೇರೆಯವರ ಕಾಲ್‌ಸೈನ್. ಅದನ್ನು ಹಿಡಿದು “ಕನ್ಫರ್ಮ್” ಅಂತ ಕೇಳಬೇಕು, ಬೇರೆಯವರದ್ದಾದರೆ ಸುಮ್ಮನಿರಬೇಕು.

ಲೆಕ್ಕ ಇಡುವುದು

ಇನ್‌ಸ್ಟ್ರಕ್ಟರ್ ಒಪ್ಪಿದರೆ ಹಾರಾಟದ ಮಾತುಕತೆ ರೆಕಾರ್ಡ್ ಮಾಡಿಕೊಳ್ಳಿ. ಸಂಜೆ ಕೂತು ಪ್ರತಿ ಕರೆಗೂ ಒಂದು ಸಾಲು ಬರೆಯಿರಿ. ಕರೆ ಮುಗಿದಲ್ಲಿಂದ ನಿಮ್ಮ ಮಾತು ಶುರುವಾಗಲು ಎಷ್ಟು ಸೆಕೆಂಡು ಆಯಿತು, ರೀಡ್‌ಬ್ಯಾಕ್ ಸರಿ ಇತ್ತಾ, ತಡವಾಗಿದ್ದರೆ ಮೊದಲು ಹೇಳಿದ ಮೂರು ಕಾರಣಗಳಲ್ಲಿ ಯಾವುದು. ಎರಡು ಮೂರು ಸೆಕೆಂಡಿನೊಳಗೆ ಶುರುವಾದರೆ ನನ್ನ ಲೆಕ್ಕದಲ್ಲಿ ಚೆನ್ನಾಗಿದೆ. ಬೇಗ ಕೊಟ್ಟು ತಪ್ಪಾದ ಉತ್ತರಕ್ಕೆ ಕೆಂಪು ಗುರುತು ಹಾಕಿ, ‘ಸೇ ಅಗೇನ್’ ಅಂದು ಸರಿಪಡಿಸಿಕೊಂಡದ್ದಕ್ಕೆ ಹಾಕಬೇಡಿ. ಅಕ್ಕನ ಮಗ ಆಗಸ್ಟ್‌ನಲ್ಲಿ ಇಂಥ ಮೂರು ಹಾಳೆಗಳ ಫೋಟೋ ಕಳಿಸಿದ. ಮೊದಲ ಹಾಳೆಯಲ್ಲಿ ಐದು ಕೆಂಪು ಗುರುತು ಇತ್ತು, ಮೂರನೆಯದರಲ್ಲಿ ಒಂದು. ಆ ಒಂದೂ ಫ್ರೀಕ್ವೆನ್ಸಿ ಬದಲಾಯಿಸುವಾಗ ಆದದ್ದು. ಈಗ ಅವನು ಸ್ಟ್ಯಾಂಡ್‌ಬೈ ಕಿಟಕಿಯಲ್ಲಿ ಅಂಕಿ ಇಡುವುದನ್ನೇ ದಿನಾ ಹತ್ತು ನಿಮಿಷ ಅಭ್ಯಾಸ ಮಾಡುತ್ತಿದ್ದಾನೆ.